ಹಮಾಲಿಯ ಮೈ, ನಾಯಕರ ತಲೆ

ಪೇಟೆಯ ಗೋದಾಮಿನಲ್ಲಿ ಮೂಟೆ ಹೊರುವ ಹಮಾಲಿಗಳಲ್ಲಿ ಅವನೊಬ್ಬನಿಗೇ ‘ಕಂಬ’ ಎಂಬ ಅಡ್ಡಹೆಸರು. ಎರಡು ಮೂಟೆ ಒಟ್ಟಿಗೆ ಬೆನ್ನಿಗೆ ಬಿದ್ದರೂ ಜಗ್ಗುವವನಲ್ಲ. ಆ ಎದೆ, ಆ ಭುಜ ಕಂಡೇ ಶಿಲ್ಪಿ ಅವನನ್ನು ಕರೆಸಿಕೊಂಡಿದ್ದು.

ತೀರಿಕೊಂಡ ನಾಯಕರೊಬ್ಬರ ಕಂಚಿನ ಪ್ರತಿಮೆಯನ್ನು ಉದ್ಯಾನದಲ್ಲಿ ನಿಲ್ಲಿಸಬೇಕಿತ್ತು. ತೊಡಕೆಂದರೆ, ನಾಯಕರಿಗೆ ಕುತ್ತಿಗೆಯೇ ಇರಲಿಲ್ಲ. ಹೊಟ್ಟೆ ಮಾತ್ರ ಎರಡಾಳಿಗಾಗುವಷ್ಟಿತ್ತು. “ಮುಖ ಅವರದೇ ಇರಲಿ. ಉಳಿದದ್ದು ಸ್ವಲ್ಪ ನೋಡೋ ಹಾಗಿರಲಿ,” ಎಂದಿತು ಪ್ರತಿಮೆ ಸಮಿತಿ.

ಹಾಗಾಗಿ ಕಂಬ ಒಂದು ತಿಂಗಳು ಶಿಲ್ಪಿಯ ಶೆಡ್ಡಿನಲ್ಲಿ ಬಲಗೈ ಮೇಲೆತ್ತಿ ನಿಂತ. ಮೂಟೆ ಹೊತ್ತು ನೋಯದ ಭುಜ, ಸುಮ್ಮನೆ ಗಾಳಿಗೆ ಕೈ ಎತ್ತಿ ನೋಯತೊಡಗಿತು.

“ಈ ನಾಯಕ್ರು ದಿನಾ ಹಿಂಗೇ ನಿಂತಿರ್ತಿದ್ರಾ ಸ್ವಾಮಿ?” ಎಂದು ಕೇಳಿದ.

“ಫೋಟೋ ತೆಗೆಯೋವರೆಗೆ,” ಎಂದ ಶಿಲ್ಪಿ.

ಅನಾವರಣದ ದಿನ ಕಂಬ ಹೆಂಡತಿಯನ್ನೂ ಕರೆದುಕೊಂಡು ಹೋದ. ಪಾಸಿಲ್ಲವೆಂದು ಪೊಲೀಸರು ಇಬ್ಬರನ್ನೂ ಬೇಲಿಯಾಚೆಯೇ ತಡೆದರು. ಪರದೆ ಸರಿಯಿತು. ಎಲ್ಲರೂ ಮುಖ ನೋಡುತ್ತಿದ್ದರೆ ಅವಳು ಚಪ್ಪಲಿ ಮೆಟ್ಟಿದ ಪಾದ ನೋಡಿದಳು. ಎಡಗಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಸವಾರಿ ಮಾಡಿತ್ತು.

“ಅಯ್ಯಯ್ಯೋ, ಇದು ನಮ್ಮನೆಯವರ ಕಾಲು!”

“ಬಾಯ್ಮುಚ್ಚಮ್ಮ! ದೊಡ್ಡೋರ ಕಾಲು ಅದು,” ಎಂದು ಪೊಲೀಸಪ್ಪ ಗದರಿದ.

“ದೊಡ್ಡೋರದಾದ್ರೆ ಇಪ್ಪತ್ತು ವರ್ಷದಿಂದ ಎಣ್ಣೆ ತಿಕ್ಕಿದ್ದು ನಾನ್ಯಾಕೆ?”

ಸುತ್ತಲಿದ್ದವರು ಕಿಸಕ್ಕನೆ ನಕ್ಕರು. ಕಂಬ ನಾಚಿ ಅವಳನ್ನು ಎಳೆದುಕೊಂಡು ಹೊರಟ; ಹೊರಟವನು ಮೂರು ಸಲ ತಿರುಗಿ ನೋಡಿದ.

ಒಂಬತ್ತು ವರ್ಷ ಕಳೆದು ಅಧಿಕಾರ ಕೈ ಬದಲಾಯಿತು. ಹೊಸಬರಿಗೆ ಹಳೆಯ ನಾಯಕರ ಮುಖ ಕಂಡರಾಗದು. ಆದರೆ ಕಂಚು ದುಬಾರಿ. ತಲೆಯನ್ನಷ್ಟೇ ಕೊಯ್ದು, ತಮ್ಮ ಪಕ್ಷದ ಹಿರಿಯರ ತಲೆ ತಂದು ಬೆಸೆದರು. ಅದು ತುಸು ಚಿಕ್ಕದಾಯಿತು. ಕೊಡದ ಮೇಲೆ ಲೋಟ ಬೋರಲು ಹಾಕಿದಂತಿತ್ತು.

ಈ ಸಲದ ಸಮಾರಂಭಕ್ಕೆ ಬೇಲಿ ಕಟ್ಟುವಷ್ಟು ಜನವೇ ಬರಲಿಲ್ಲ. ಅಷ್ಟರಲ್ಲಿ ಕೂದಲು ನೆರೆತಿದ್ದ ಕಂಬ ಮುಂದಿನ ಸಾಲಿನ ಕುರ್ಚಿಯಲ್ಲೇ ಕೂತ. ಭಾಷಣಕಾರರು ಪ್ರತಿಮೆಯತ್ತ ಕೈ ತೋರಿ ಗುಡುಗಿದರು: “ನಾಡಿಗಾಗಿ ಹಗಲಿರುಳು ದುಡಿದು ಸವೆದ ದೇಹವಿದು!”

ಕಂಬನೊಬ್ಬನೇ ಎದ್ದು ನಿಂತು ಚಪ್ಪಾಳೆ ತಟ್ಟಿದ.

ಭಾಷಣಕಾರರು ಹಿರಿಹಿರಿ ಹಿಗ್ಗಿ, “ನೋಡಿ, ನಿಜವಾದ ಅಭಿಮಾನಿ ಅಂದ್ರೆ ಇವರು!” ಎಂದು ಕೈ ಮುಗಿದರು.

ಅವನೂ ದೊಡ್ಡಸ್ತಿಕೆಯಿಂದ ಕೈ ಮುಗಿದು, ಲಾರಿ ಬರುವ ಹೊತ್ತಾಯಿತೆಂದು ಗೋದಾಮಿನ ಕಡೆ ನಡೆದ.