ಪರದೇಶಿಗಳ ಓಣಿಗೆ ಟುಮ್ಮಾ ಬರೆಯುವ ಸುದ್ದಿ

ಬೆಳಗಿನ ಐದು ಗಂಟೆ. ಪಿಂಗ್ ನದಿಯ ಮೇಲಿನ ಮಂಜು ಇನ್ನೂ ಚಿಯಾಂಗ್ ಮಾಯ್ ಪೇಟೆಯ ಕಡೆ ಸರಿದಿಲ್ಲ. ಓಣಿಯ ತಿರುವಿನಲ್ಲಿ ಟುಮ್ಮಾ ಅಕ್ಕಿಗಂಜಿಯ ಹಂಡೆಯೊಳಗೆ ಇನ್ನೊಂದು ಸುತ್ತು ಸೌಟಾಡಿಸಿ, ಉರಿ ಸಣ್ಣಗೆ ಮಾಡಿ, ಕೈಯನ್ನು ಉಟ್ಟ ಲುಂಗಿಗೆ ಒರೆಸಿಕೊಳ್ಳುತ್ತಾರೆ. ಆಮೇಲೆ ಸೀಮೆಸುಣ್ಣ ಹಿಡಿದು ಅಂಗಡಿಯ ಹೊರಗೋಡೆಗೆ ಒರಗಿಸಿರುವ ಕರಿಹಲಗೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂರುತ್ತಾರೆ.

ಹಲಗೆಯ ಎಡಭಾಗ ಇಂಗ್ಲಿಷಿಗೆ. ಬಲಭಾಗ ಬರ್ಮಾದ ಶಾನ್ ಭಾಷೆಗೆ. ಅದರ ಅಕ್ಷರಗಳು ನಮ್ಮ ಕನ್ನಡದ ದೂರದ ನೆಂಟರ ಹಾಗೆ ದುಂಡಗಿವೆ. ಇವತ್ತಿನ ಸುದ್ದಿ ನಾಲ್ಕೇ ಸಾಲು: ನದಿ ಒಂದು ಮೀಟರ್ ನಲವತ್ತು, ಸುಮ್ಮನಿದೆ. ವೀಸಾ ಕಚೇರಿಗೆ ಸೋಮವಾರ ರಜೆ, ಹೋಗಬೇಡಿ. ಎಡಸಾಲಿನ ಮನೆಗಳಿಗೆ ಒಂಬತ್ತರಿಂದ ಹನ್ನೆರಡರವರೆಗೆ ಕರೆಂಟಿಲ್ಲ. ಯೋಸ್ಟ್ ಅವರ ಕನ್ನಡಕ ಗಂಜಿ ಅಂಗಡಿಯಲ್ಲಿದೆ.

ಕೊನೆಯ ಸಾಲು ಬರೆಯುವಾಗ ಯೋಸ್ಟ್ ಅಲ್ಲೇ ಬಂದು ನಿಂತಿರುತ್ತಾರೆ. ಎಪ್ಪತ್ತಾರು ವರ್ಷದ ಡಚ್ ನಿವೃತ್ತ ಎಂಜಿನಿಯರ್. "ಊರಿಗೆಲ್ಲ ಸಾರಬೇಕಿತ್ತಾ ಪಾ?" ಎಂದು ಕೇಳುತ್ತಾರೆ. ಪಾ ಎಂದರೆ ಇಲ್ಲಿಯವರ ಮಾತಿನಲ್ಲಿ ದೊಡ್ಡಮ್ಮ. ತಮಗಿಂತ ಹದಿನೈದು ವರ್ಷ ಚಿಕ್ಕವರಾದ ಟುಮ್ಮಾರನ್ನು ಅವರೂ ಹಾಗೇ ಕರೆಯುತ್ತಾರೆ.

"ಹೋದ ಸಲ ಸಾರದೆ ಇಟ್ಟಿದ್ದೆ. ಮೂರು ದಿನ ಕಣ್ಣು ಕಿರಿದು ಮಾಡ್ಕೊಂಡು ಗಂಜೀಲಿ ಶುಂಠಿ ಯಾವ್ದು ಹಂದಿಮಾಂಸ ಯಾವ್ದು ಅಂತ ಹುಡುಕ್ತಿದ್ರಿ" ಎನ್ನುತ್ತಾರೆ ಟುಮ್ಮಾ, ತಲೆ ಎತ್ತದೆ.

ಟುಮ್ಮಾ ಏಳುವುದು ಮೂರೂವರೆಗೆ. ಅಕ್ಕಿ ಬೇಯುವಷ್ಟು ಹೊತ್ತು ರೇಡಿಯೊ ಕೇಳುತ್ತಾರೆ. ಮಾರುಕಟ್ಟೆಯಿಂದ ಸೈಕಲ್ಲಿನಲ್ಲಿ ಮಾಂಸ, ಮೊಟ್ಟೆ, ಈರುಳ್ಳಿ ಸೊಪ್ಪು ತರುವಾಗ ಸೇತುವೆಯ ಕಂಬದ ಮೇಲಿನ ನೀರಿನ ಗುರುತು ನೋಡಿಕೊಂಡು ಬರುತ್ತಾರೆ. ವಾರ್ಡ್ ಕಚೇರಿಯ ಗೋಡೆಗೆ ಹಿಂದಿನ ಸಂಜೆ ಅಂಟಿಸಿದ ಪ್ರಕಟಣೆಗಳನ್ನು ಓದುತ್ತಾರೆ. ದಿನಕ್ಕೆ ನೂರಿಪ್ಪತ್ತು ಬಟ್ಟಲು ಗಂಜಿ, ವಾರಕ್ಕೆ ಮೂರು ಸೀಮೆಸುಣ್ಣ. ಹನ್ನೊಂದು ವರ್ಷದಿಂದ ಹಲಗೆ ಒಂದು ದಿನವೂ ಖಾಲಿ ಉಳಿದಿಲ್ಲ.

ಅದು ಶುರುವಾದದ್ದು ತೊಮಿಕೊ ಎಂಬ ಜಪಾನಿ ವಿಧವೆಯಿಂದ. ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದ ಆಕೆ ವೀಸಾ ಕಾಗದಕ್ಕಾಗಿ ಒಂದೇ ವಾರದಲ್ಲಿ ಮೂರು ಸಲ ಕಚೇರಿಗೆ ಹೋಗಿ, ಮೂರು ಸಲವೂ ಮುಚ್ಚಿದ ಬಾಗಿಲು ನೋಡಿ ವಾಪಸ್ಸಾಗಿದ್ದರು. ಬಾಗಿಲ ಮೇಲೆ ಥಾಯ್ ಭಾಷೆಯಲ್ಲಿ ರಜೆಯ ಚೀಟಿ ಅಂಟಿಸಿತ್ತು. ಆಕೆಗೆ ಓದಲು ಬರಲಿಲ್ಲ. "ಗಂಜಿ ಮುಂದೆ ಕೂತು ಸದ್ದಿಲ್ದೆ ಅಳ್ತಿದ್ರು" ಎಂದು ಟುಮ್ಮಾ ನೆನೆಯುತ್ತಾರೆ. "ನಂಗೆ ಓದೋಕ್ಕೆ ಬರುತ್ತಲ್ಲ, ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ ಅನ್ನಿಸ್ತು. ಮಾರನೇ ದಿನ ಊಟದ ಪಟ್ಟಿ ಅಳಿಸಿ ಸುದ್ದಿ ಬರೆದೆ. ಗಂಜಿ ಅಂಗ್ಡೀಲಿ ಗಂಜಿ ಇದೆ ಅಂತ ಬೇರೆ ಬರೀಬೇಕಾ?"

ಬೇರೊಬ್ಬರ ಭಾಷೆಯಲ್ಲಿ ಬದುಕುವ ಕಷ್ಟವನ್ನು ಟುಮ್ಮಾರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಂಬತ್ತು ವರ್ಷದವರಿದ್ದಾಗ ತಾಯಿಯ ಹಿಂದೆ ಬರ್ಮಾದ ಶಾನ್ ಬೆಟ್ಟಗಳನ್ನು ದಾಟಿ ಬಂದವರು ಅವರು. ಶಾನ್ ಅಕ್ಷರ ಕಲಿಸಿದ್ದು ತಾಯಿ. ಥಾಯ್ ಕಲಿತದ್ದು ಮೂವತ್ತು ದಾಟಿದ ಮೇಲೆ ಸಂಜೆ ಶಾಲೆಯಲ್ಲಿ. ಇಂಗ್ಲಿಷ್ ಕಲಿತದ್ದು ಪ್ರವಾಸಿಗರ ವಸತಿಗೃಹದಲ್ಲಿ ಬಟ್ಟೆ ಒಗೆಯುತ್ತ, ಬಟ್ಟೆಯ ಗಂಟಿನ ಜತೆ ಬರುತ್ತಿದ್ದ ಚೀಟಿಗಳನ್ನು ಓದಿ. ಇಷ್ಟಾದರೂ ಐವತ್ತೆರಡು ವರ್ಷ ಅವರ ಬಳಿ ಪೌರತ್ವ ಇರಲಿಲ್ಲ. ಇದ್ದದ್ದು, ಇಲ್ಲಿ ಇರಬಹುದು ಆದರೆ ಇಲ್ಲಿಯವರಲ್ಲ ಎಂದು ಹೇಳುವ ಒಂದು ಕಾರ್ಡ್. ಜಿಲ್ಲೆಯ ಗಡಿ ದಾಟಬೇಕಾದರೆ ಅನುಮತಿ ಚೀಟಿ ಬೇಕು. ಮತ ಹಾಕುವಂತಿಲ್ಲ.

ಓಣಿಯ ತಗ್ಗಿನ ತುದಿಯಲ್ಲಿ, ಕಟ್ಟಡ ಕೆಲಸಕ್ಕೆ ಬಂದ ಶಾನ್ ಕೂಲಿಗಳ ತಗಡಿನ ಬಿಡಾರ ಎದ್ದಾಗ ಹಲಗೆಗೆ ಬಲಭಾಗವೂ ಬಂತು. ಕೆಲಸದ ಪರವಾನಗಿ ನೋಂದಾಯಿಸಲು ಸರ್ಕಾರ ಎರಡೇ ವಾರ ಕೊಟ್ಟಿತ್ತು. ಬಿಡಾರದಲ್ಲಿ ಯಾರಿಗೂ ಸುದ್ದಿಯೇ ಇರಲಿಲ್ಲ. ಟುಮ್ಮಾ ಬರೆದರು, ನಲವತ್ತೊಂದು ಮಂದಿ ಹೋಗಿ ಸಾಲಿನಲ್ಲಿ ನಿಂತರು. ಆ ವಾರವೇ ಓಣಿಯ ಮುಖಂಡ ತಾವೊನ್ ಅಂಗಡಿಗೆ ಬಂದರು.

"ಸುದ್ದಿ ಹೇಳೋ ಅಧಿಕಾರ ನಿಂಗ್ಯಾರು ಕೊಟ್ರು? ನೀನೇ ಕಾರ್ಡಿನ ಮೇಲಿರೋಳು. ಎಡಗಡೇದು ಇರ್ಲಿ, ಬಲಗಡೇದು ಅಳಿಸು" ಎಂದರು.

"ಮುಖಂಡ್ರೆ, ಎಡಗಡೆಯವ್ರೂ ಹೊರಗಿನವ್ರೇ, ಬಲಗಡೆಯವ್ರೂ ಹೊರಗಿನವ್ರೇ. ಅಳಿಸೋದಾದ್ರೆ ಎರಡೂ ಅಳಿಸ್ತೀನಿ. ಆಮೇಲೆ ಅವ್ರೆಲ್ಲ ರಜೆ ಯಾವತ್ತು ಅಂತ ಕೇಳೋಕ್ಕೆ ನಿಮ್ಮ ಮನೆಗೇ ಬರ್ತಾರೆ" ಎಂದರಂತೆ ಟುಮ್ಮಾ. ತಾವೊನ್ ಗಂಜಿ ಕುಡಿಯದೆ ಎದ್ದು ಹೋದರು. ಎರಡು ವರ್ಷ ಆ ಕಡೆ ಸುಳಿಯಲಿಲ್ಲ.

ಹೋದ ವರ್ಷದ ಅಕ್ಟೋಬರ್. ಶನಿವಾರ ಬೆಳಗ್ಗೆ ಹಲಗೆಯ ಮೇಲೆ ನದಿ ಮೂರು ಮೀಟರ್ ಇಪ್ಪತ್ತು. ಮಳೆ ನಿಂತಿತ್ತು. ಓಣಿಯಲ್ಲಿ ಎಲ್ಲರೂ ನಿರಾಳವಾಗಿದ್ದರು. ಐದೂವರೆಗೆ ಮೇಲ್ಕಣಿವೆಯಲ್ಲಿ ಹಂದಿ ಸಾಕುವ ಹಳೆಯ ಗೆಳತಿಯ ಫೋನು ಬಂತು. "ಹಂದಿಗೂಡು ಹೋಯ್ತು ಕಣೆ ಟುಮ್ಮಾ. ಒಂದೇ ಗಂಟೇಲಿ. ಇಷ್ಟು ನೀರು ನಾನು ಹುಟ್ಟಿದ್ಮೇಲೆ ನೋಡಿಲ್ಲ."

"ಅಲ್ಲಿಂದ ಇಲ್ಲಿಗೆ ಬರೋಕ್ಕೆ ನದಿ ಆರು ಗಂಟೆ ತಗೊಳ್ಳುತ್ತೆ" ಎನ್ನುತ್ತಾರೆ ಟುಮ್ಮಾ. "ದಿನಾ ಬರೆದೂ ಬರೆದೂ ನನ್ನ ಕೈಗೇ ಗೊತ್ತಿದೆ. ಎಲ್ಲ ಅಳಿಸಿಬಿಟ್ಟೆ. ಎರಡೂ ಕಡೆ ಒಂದೇ ಮಾತು ಬರೆದೆ: ಮಧ್ಯಾಹ್ನಕ್ಕೆ ನೀರು ಎದೆಮಟ್ಟ. ಈಗಲೇ ಎತ್ತರಕ್ಕೆ ಹೋಗಿ."

ಬರೆದರೆ ಸಾಲದು ಎಂದು ಮನೆಮನೆಯ ಬಾಗಿಲು ಬಡಿದರು. ಒಂಟಿ ಮಹಡಿಯ ಮನೆಗಳಲ್ಲಿದ್ದ ವಯಸ್ಸಾದ ವಿದೇಶಿಯರು ಹಲಗೆಯನ್ನು ನಂಬಿದವರೇ. ಔಷಧಿ, ಪಾಸ್‌ಪೋರ್ಟ್ ಚೀಲಕ್ಕೆ ಹಾಕಿಕೊಂಡರು. ಆದರೆ ಹೋಗುವುದೆಲ್ಲಿಗೆ? ಏಳು ಗಂಟೆಗೇ ಮುಖ್ಯರಸ್ತೆಯ ಚರಂಡಿ ಉಕ್ಕಿ, ಎತ್ತರದಲ್ಲಿರುವ ದೇವಾಲಯಕ್ಕೆ ಹೋಗುವ ದಾರಿ ಮೊಣಕಾಲು ಮುಳುಗುವಷ್ಟಾಗಿತ್ತು. ಓಣಿಯಲ್ಲಿ ಮೂರು ಮಹಡಿಯ ಮನೆ ಒಂದೇ, ಯೋಸ್ಟ್ ಅವರದ್ದು. ಅವರು ಚಡ್ಡಿಯಲ್ಲಿ ಬಾಗಿಲಿಗೆ ಬಂದು, "ಪಾ, ನಾನು ನೆದರ್ಲೆಂಡ್ಸ್‌ನವನು. ನಲವತ್ತು ವರ್ಷ ನೀರಿಗೆ ಗೋಡೆ ಕಟ್ಟಿದೀನಿ. ನೀರಿನ ವಿಷಯ ನಂಗೆ ಹೇಳ್ಬೇಡಿ. ನಾನೆಲ್ಲೂ ಬರಲ್ಲ" ಎಂದರು.

"ನಿಮ್ಮೂರ ನೀರು ನಿಮ್ಮ ಮಾತು ಕೇಳುತ್ತೆ. ಇದು ನಮ್ಮದು, ಕೇಳಲ್ಲ" ಎಂದರು ಟುಮ್ಮಾ. "ನೀವು ಬರೋದೇನೂ ಬೇಡ. ಬಾಗ್ಲು ಪೂರ್ತಿ ತೆಗೀರಿ. ಎಲ್ರೂ ಇಲ್ಲಿಗೇ ಬರ್ತಾರೆ."

ಬಿಡಾರದವರು ಮಾತ್ರ ಕದಲಲಿಲ್ಲ. ಮೇಸ್ತ್ರಿ ಹೇಳದೆ ಹೊರಟರೆ ಕೆಲಸ ಹೋಗುತ್ತದೆ, ದೊಡ್ಡ ಮನೆಯೊಳಗೆ ಕಾಲಿಟ್ಟರೆ ಪೊಲೀಸರನ್ನು ಕರೆಯುತ್ತಾರೆ ಎಂಬ ಭಯ. ಟುಮ್ಮಾ ಅವರದೇ ಭಾಷೆಯಲ್ಲಿ ಬೈದರಂತೆ. ಏನು ಬೈದಿರಿ ಎಂದರೆ ಹೇಳುವುದಿಲ್ಲ. ಹೇಳಿದವಳು ನಾಂಗ್ ಮೊ, ಬಿಡಾರದಲ್ಲಿ ಕಬ್ಬಿಣದ ಸರಳು ಬಗ್ಗಿಸುವ ಹೆಂಗಸು. "'ಕೆಲಸ ಹೋದ್ರೆ ನನ್ನ ಅಂಗಡೀಲಿ ಪಾತ್ರೆ ತೊಳೀರಿ, ಪ್ರಾಣ ಹೋದ್ರೆ ಯಾವ ಅಂಗಡಿಗೆ ಹೋಗ್ತೀರಿ ಕತ್ತೆಗಳಾ' ಅಂದ್ರು. ನಮ್ಮಮ್ಮನೂ ಹಂಗೇ ಬೈತಿದ್ಲು. ಎದ್ದು ಹೊರಟ್ವಿ."

ಗಂಜಿಯ ಹಂಡೆಯೂ ಮೂರನೇ ಮಹಡಿಗೆ ಏರಿತು. ಟುಮ್ಮಾ ಮೆಟ್ಟಿಲ ಮೇಲೆ ನಿಂತು ತಲೆ ಎಣಿಸಿದರು. ಬಿಡಾರದವರು ಅರವತ್ತನಾಲ್ಕು. ಯೋಸ್ಟ್ ಸೇರಿ ವಿದೇಶಿಯರು ಹತ್ತೊಂಬತ್ತಾಗಬೇಕು, ಹದಿನೆಂಟಿದ್ದರು. ತೊಮಿಕೊ ಇರಲಿಲ್ಲ. ಗಂಡನ ಅಸ್ಥಿಯ ಕುಡಿಕೆ ಮರೆತು ವಾಪಸ್ ಹೋಗಿದ್ದರು. ನೀರು ಆಗ ಸೊಂಟಕ್ಕೆ ಬಂದಿತ್ತು. ಟುಮ್ಮಾ ಇಳಿಯಲು ಹೊರಟಾಗ ನಾಂಗ್ ಮೊ ಅವರ ತೋಳು ಹಿಡಿದು ಪಕ್ಕಕ್ಕೆ ಸರಿಸಿ ತಾನೇ ಇಳಿದಳು. ಇಪ್ಪತ್ತು ನಿಮಿಷದ ಮೇಲೆ ಓಣಿಯ ಮಧ್ಯೆ ಅವಳು ಕಾಣಿಸಿದಳು. ಬೆನ್ನ ಮೇಲೆ ತೊಮಿಕೊ, ತೊಮಿಕೊ ತಲೆಯ ಮೇಲೆ ಕುಡಿಕೆ. ಕೊನೆಯ ಹತ್ತು ಗಜಕ್ಕೆ ಯೋಸ್ಟ್ ಹಗ್ಗ ಎಸೆದರು.

ಹನ್ನೊಂದೂವರೆಗೆ ನೀರು ಎದೆಮಟ್ಟ. ಮಧ್ಯಾಹ್ನ ಒಂದಕ್ಕೆ ಬಿಡಾರದ ತಗಡುಗಳು ಒಂದೊಂದಾಗಿ ಕಿಟಕಿಯ ಕೆಳಗೆ ತೇಲಿಹೋದವು. ಎಲ್ಲರೂ ನಿಂತು ನೋಡಿದರು. ಆಮೇಲೆ ಎಲ್ಲರೂ ಗಂಜಿ ಕುಡಿದರು.

ಸಂಜೆಗೆ ತಾವೊನ್ ದೋಣಿಯಲ್ಲಿ ಬಂದರು. ಅವರ ಕೈಯಲ್ಲಿದ್ದ ಪಟ್ಟಿಯಲ್ಲಿ ಹತ್ತೊಂಬತ್ತು ಹೆಸರು ಮಾತ್ರ. ಬಿಡಾರದವರ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ. ಕಿಟಕಿಯಿಂದ ಟುಮ್ಮಾ ಕೂಗಿ ಹೇಳಿದರು: "ಎಂಬತ್ತಮೂರು ಅಂತ ಬರ್ಕೊಳ್ಳಿ. ನಾನೂ ಸೇರಿದ್ರೆ ಎಂಬತ್ತನಾಲ್ಕು. ಒಬ್ರೂ ಕಮ್ಮಿ ಇಲ್ಲ." ತಾವೊನ್ ದೋಣಿಯನ್ನು ಕಿಟಕಿಗೆ ಕಟ್ಟಿ, ಒಳಗೆ ಬಂದು, ನೆಲದ ಮೇಲೆ ಕೂತು ಅರವತ್ತನಾಲ್ಕು ಹೆಸರನ್ನೂ ಕೇಳಿ ಕೇಳಿ ಬರೆದುಕೊಂಡರು. ಆ ಪಟ್ಟಿಯಿಂದಲೇ ಬಿಡಾರದವರಿಗೂ ಅಕ್ಕಿ, ಕಂಬಳಿ, ಹೊಸ ತಗಡು ಸಿಕ್ಕವು.

ಫೆಬ್ರವರಿಯಲ್ಲಿ ಟುಮ್ಮಾರ ಪೌರತ್ವದ ಅರ್ಜಿ ಮತ್ತೆ ವಿಚಾರಣೆಗೆ ಬಂತು. ಎರಡು ಸಲ ಅದು ಬಿದ್ದುಹೋದದ್ದು ಸ್ಥಳೀಯ ಸಾಕ್ಷಿ ಇಲ್ಲವೆಂಬ ಕಾರಣಕ್ಕೆ. ಈ ಸಲ ತಾವೊನ್ ತಾವಾಗಿಯೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಚೇರಿಗೆ ಬಂದರು. ಎಷ್ಟು ವರ್ಷದಿಂದ ಈಕೆಯನ್ನು ಬಲ್ಲಿರಿ ಎಂದು ಅಧಿಕಾರಿ ಕೇಳಿದರು. "ಮೂವತ್ತು ವರ್ಷದಿಂದ ನೋಡಿದೀನಿ ಸಾರ್. ಗೊತ್ತಾಗಿದ್ದು ಅಕ್ಟೋಬರ್‌ನಲ್ಲಿ" ಎಂದರು ತಾವೊನ್.

ಜುಲೈನಲ್ಲಿ ಪೌರತ್ವದ ಕಾರ್ಡ್ ಕೈಗೆ ಬಂದ ದಿನ ಅಂಗಡಿಯ ಮುಂದೆ ನಿಲ್ಲಲು ಜಾಗವಿರಲಿಲ್ಲ. ಅವತ್ತಿಗೆ ನಾಂಗ್ ಮೊ ಸೌಟು ಹಿಡಿದಿದ್ದಳು. ಯೋಸ್ಟ್ ಏನೋ ಭಾಷಣ ಶುರು ಮಾಡಿ ಅರ್ಧಕ್ಕೆ ಬಿಟ್ಟು ಬಟ್ಟಲು ಹಂಚತೊಡಗಿದರು. ತೊಮಿಕೊ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು, ಬಗ್ಗಿ ನಮಸ್ಕರಿಸಿ ಮರಳಿಸಿದರು. ಈಗ ವಾರ್ಡಿನ ಪ್ರಕಟಣೆಗಳನ್ನು ಗೋಡೆಗೆ ಅಂಟಿಸುವ ಮೊದಲು ತಾವೊನ್ ಒಂದು ಪ್ರತಿಯನ್ನು ಟುಮ್ಮಾರ ಕೈಗೆ ಕೊಟ್ಟು ಗಂಜಿಗೆ ಕೂರುತ್ತಾರೆ.

ಇನ್ನೇನು ಆಸೆ ಇದೆ ಎಂದು ಕೇಳಿದೆ. ಟುಮ್ಮಾ ಹಂಡೆಯ ಮುಚ್ಚಳ ಮುಚ್ಚಿ ಸೌಟು ಪಕ್ಕಕ್ಕಿಟ್ಟರು.

"ಸಮುದ್ರ ನೋಡಿಲ್ಲ ನಾನು. ಜನವರೀಲಿ ರೈಲಿಗೆ ಹೋಗೋದು ಅಂತ ಇದೀನಿ, ಎರಡು ದಿನಕ್ಕೆ. ಹಲಗೆ ನಾಂಗ್ ಮೊ ಬರೀತಾಳೆ, ಇಂಗ್ಲಿಷ್ ಅಕ್ಷರಾನೂ ಕಲಿಸಿದೀನಿ. ಹಿಂದೆ ಬಸ್ಸಿನಲ್ಲಿ ತಪಾಸಣೆಯವ್ರು ಹತ್ತಿದ್ರೆ ಕಿಟಕಿ ಕಡೆ ತಿರುಗಿ ಕೂರ್ತಿದ್ದೆ" ಎಂದರು. ಆಮೇಲೆ ನಕ್ಕರು. "ಈ ಸಲ ಬಾಗಿಲ ಪಕ್ಕದ ಸೀಟೇ ಬೇಕು ಅಂತ ಹೇಳಿದೀನಿ. ಬಂದು ಕೇಳ್ಲಿ, ಕಾರ್ಡ್ ಎಲ್ಲಿ ಅಂತ."