ಗಾಳಿ ಪೈಪಿನ ಬಾಯಿಗೆ ಚಿಪ್ಪು

ಬಿಳಿಗೆರೆಯ ನಮ್ಮ ಮನೆಯಲ್ಲಿ ಕೊಬ್ಬರಿಗೆಂದು ಅಟ್ಟಕ್ಕೆ ಕಾಯಿ ಹಾಕಿದರೆ, ವರ್ಷ ತುಂಬುವವರೆಗೆ ಆ ಅಟ್ಟಕ್ಕೆ ದೇವರಮನೆಯ ಮರ್ಯಾದೆ. ಕಕ್ಕಸಿನ ಗುಂಡಿಯಿಂದ ಗೋಡೆಗುಂಟ ಮೇಲೆ ಹೋದ ಗಾಳಿ ಪೈಪಿನ ಬಾಯಿ ಅಟ್ಟದ ಕಿಂಡಿಯ ಪಕ್ಕದಲ್ಲೇ ಇತ್ತು. ಗಾಳಿ ತಿರುಗಿದಾಗ ವಾಸನೆ ಒಳಗೆ ಬರುತ್ತಿತ್ತು, ಕೊಬ್ಬರಿಗೆ ಹಿಡಿದೀತೆಂದು ನನಗೆ ಭಯ. ಸಿಪ್ಪೆ, ಚಿಪ್ಪು ಎರಡರ ಒಳಗೆ ಕೂತ ಕೊಬ್ಬರಿಗೆ ವಾಸನೆ ಎಲ್ಲಿಂದ ಹಿಡಿಯಬೇಕು? ಅಷ್ಟು ಬುದ್ಧಿ ನನಗಿರಲಿಲ್ಲ. ಕಿಂಡಿಯಿಂದ ಕೈ ಚಾಚಿ ಪೈಪಿನ ಬಾಯಿಗೆ ಒಂದು ತೆಂಗಿನ ಚಿಪ್ಪು ಬೋರಲು ಹಾಕಿ, ಸುತ್ತ ಸಿಮೆಂಟು ಮೆತ್ತಿದೆ. ಯಾರಿಗೂ ಹೇಳಲಿಲ್ಲ. ವಾಸನೆ ನಿಂತಿತು, ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಎರಡು ತಿಂಗಳಿಗೆ ಕಕ್ಕಸು ಗೊಳಗೊಳ ಸದ್ದು ಮಾಡತೊಡಗಿತು. ನೀರು ಇಳಿಯದು. ಹಿತ್ತಿಲ ತೆಂಗಿನ ಮರದ ಬೇರು ಹಳೆಯ ಮಣ್ಣಿನ ಪೈಪಿನೊಳಗೆ ಹೊಕ್ಕಿದೆ, ಎಲ್ಲ ಕಿತ್ತು ಪಿವಿಸಿ ಹಾಕಬೇಕು ಎಂದು ಪ್ಲಂಬರ್ ಹೇಳಿದ. ಒಂದು ಬೆಳಿಗ್ಗೆ ಅವನೂ ನಮ್ಮ ಯಜಮಾನರೂ ಕೆಲಸಕ್ಕೆ ನಿಂತರು. ಗಾಳಿ ಪೈಪು ಸರಿಯಿದೆಯಾ ಎಂದು ಅವನು ಮೊದಲೇ ಕೇಳಿದ. ಕಟ್ಟಿಕೊಂಡಿದ್ದರೆ ಒಳಗೆ ವಿಷದ ಗ್ಯಾಸ್ ತುಂಬಿರುತ್ತದೆ, ಗುಂಡಿಯ ಚಪ್ಪಡಿ ತೆಗೆದು ಅರ್ಧ ದಿನ ಹತ್ತಿರ ಸುಳಿಯಬಾರದಂತೆ. ಸರಿಯಿದೆ ಎಂದರು ಯಜಮಾನರು.

ನಾನು ರಾಗಿ ಹಿಟ್ಟಿನ ಕೈಯಲ್ಲೇ ಹಿತ್ತಿಲ ಬಾಗಿಲಲ್ಲಿ ನಿಂತಿದ್ದೆ. ಆಗಲೇ ಹೇಳಬಹುದಿತ್ತು. ಅತ್ತೆಯ ಎದುರು ಬೈಸಿಕೊಳ್ಳಬೇಕಲ್ಲ ಎಂದು ಬಾಯಿ ಬಿಡಲಿಲ್ಲ. ಒಂದು ಚಿಪ್ಪಿನಿಂದ ಏನಾದೀತು ಎಂದು ಸಮಾಧಾನ ಮಾಡಿಕೊಂಡೆ.

ಚಪ್ಪಡಿ ಸರಿಸಿದ್ದೇ ತಡ, ಯಜಮಾನರು ಮೊಣಕಾಲೂರಿ ಬಗ್ಗಿ, ಪೈಪಿನಿಂದ ಗುಂಡಿಗೆ ಇಳಿಬಿದ್ದಿದ್ದ ಬೇರಿಗೆ ಕೈ ಹಾಕಿದರು. ಒಂದು ಸಲ ಎಳೆದರು. ಎರಡನೆಯ ಸಲ ಎಳೆಯಲಿಲ್ಲ. ತಲೆ ಮೆಲ್ಲಗೆ ಜೋತುಬಿತ್ತು, ಹೆಗಲು ಗುಂಡಿಯೊಳಕ್ಕೆ ಜಾರಿತು. ಪ್ಲಂಬರ್ ಉಸಿರು ಬಿಗಿಹಿಡಿದು ಅವರ ಸೊಂಟಕ್ಕೆ ಕೈ ಹಾಕಿದ. ನಾನೂ ಓಡಿಹೋಗಿ ಕಾಲು ಹಿಡಿದೆ. ಇಬ್ಬರೂ ಸೇರಿ ಮರದ ಬುಡದವರೆಗೆ ಎಳೆದು ತಂದೆವು.

ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ನಾನೇ ಕೊಂದೆ, ನಾನೇ ಕೊಂದೆ ಅನ್ನುವುದೊಂದೇ ತಲೆಯೊಳಗೆ. ಎದೆಯ ಮೇಲೆ ಕೈಯಿಟ್ಟೆ. ನಡುಗುತ್ತಿರುವುದು ನನ್ನ ಕೈಯೋ, ಆಡುತ್ತಿರುವುದು ಅವರ ಉಸಿರೋ ತಿಳಿಯಲಿಲ್ಲ. ಎಷ್ಟು ಹೊತ್ತಿಗೋ ಕೆಮ್ಮಿದರು. ಆಮೇಲೆ ನನ್ನ ಸೀರೆಯ ಮೇಲೆಲ್ಲ ವಾಂತಿ ಮಾಡಿಕೊಂಡರು. ಯಾರ ವಾಂತಿಗೂ ನಾನು ಅಷ್ಟು ಸಂತೋಷಪಟ್ಟಿಲ್ಲ.

ತಿಪಟೂರಿನ ಆಸ್ಪತ್ರೆಗೆ ಹೋಗಲು ಆಟೋ ಬರುವಷ್ಟರಲ್ಲಿ ಪ್ಲಂಬರ್ ಅಟ್ಟ ಹತ್ತಿ ಇಳಿದ. ಅವನ ಕೈಯಲ್ಲಿ ಸಿಮೆಂಟು ಮೆತ್ತಿದ ಚಿಪ್ಪಿತ್ತು.

"ಇದನ್ನ ಯಾರ್ರೀ ಮೆತ್ತಿದ್ದು? ಗ್ಯಾಸ್ ಹೋಗಕ್ಕೆ ಅದೊಂದೇ ದಾರಿ ಕಣ್ರೀ."

ಮಗನ ತಲೆಯ ಹತ್ತಿರ ಕೂತು ಸೆರಗಿನಿಂದ ಗಾಳಿ ಹಾಕುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ.

"ನಾನೇ ಕಣಪ್ಪ. ಅಟ್ಟಕ್ಕೆ ವಾಸ್ನೆ ಬತ್ತಿತ್ತು."

ಮೊಣಕಾಲು ನೋವಿನಿಂದ ಅತ್ತೆ ಅಟ್ಟದ ಏಣಿ ಹತ್ತಿ ಆರು ವರ್ಷವಾಗಿತ್ತು. ಅದು ಯಜಮಾನರಿಗೆ ಗೊತ್ತು, ನನಗೂ ಗೊತ್ತು. ಯಜಮಾನರು ಕಣ್ಣು ತೆರೆದು ಅವ್ವನನ್ನು ನೋಡಿದರು, ಆಮೇಲೆ ನನ್ನನ್ನು.

"ಅವ್ರಲ್ಲ, ನಾನು," ಅಂದೆ.

ಯಾರೂ ಬೈಯಲಿಲ್ಲ. ಬೈದಿದ್ದರೆ ಹೆದರಿಕೆ ಸ್ವಲ್ಪವಾದರೂ ಇಳಿಯುತ್ತಿತ್ತೇನೋ. ತಿಪಟೂರು ತಲುಪುವವರೆಗೂ ಯಜಮಾನರ ಎದೆಯ ಮೇಲಿಂದ ನಾನು ಕೈ ತೆಗೆಯಲಿಲ್ಲ. ಬೆರಳಲ್ಲಿ ಹಿಟ್ಟು ಒಣಗಿ ಉದುರುತ್ತಿತ್ತು.