ಸಾರಿಗಿಳಿದ ಲಡಾಖ್ ಹಣ್ಣು

ನಿಂಗಮ್ಮನ ಜೊತೆ ವಾದಕ್ಕಿಳಿದು ಗೆದ್ದವರನ್ನು ಕುಶಾಲನಗರದ ನಮ್ಮ ಬೀದಿಯಲ್ಲಿ ನಾನಂತೂ ಕಂಡಿಲ್ಲ. ಅರಕಲಗೂಡಿನ ಕಡೆಯಿಂದ ಮದುವೆಯಾಗಿ ಬಂದವಳು. ಹೆಂಗಸಿಗೆ ಟಿಲ್ಲರ್ ಯಾಕೆ ಎಂದು ಮಾವ ಗೊಣಗಿದಾಗ, ಅವರ ಕಣ್ಣೆದುರೇ ಗದ್ದೆಗಿಳಿದು ಉತ್ತಳು. ಗಂಡ ಕೃಷ್ಣಪ್ಪ ಆಗ ಲಡಾಖಿನಲ್ಲಿ ಸೈನ್ಯದ ಲಾರಿ ಓಡಿಸುತ್ತಿದ್ದ.

ನಿವೃತ್ತನಾಗಿ ಬಂದರೂ ಅವನ ಬಾಯಲ್ಲಿ ಅಲ್ಲಿನ ಸೀಬಕ್‌ಥಾರ್ನ್ ಹಣ್ಣಿನದೇ ಮಾತು. ಮುಳ್ಳುಗಿಡದಲ್ಲಿ ಬಿಡುವ, ಕಿತ್ತಳೆ ಬಣ್ಣದ, ಹಲ್ಲು ಜುಮ್ಮೆನಿಸುವ ಹುಳಿಹಣ್ಣು. ಹೋದ ವರ್ಷ ಪ್ರವೀಣ್ ಎಂಬವನು ಅದರ ರಸದ ಬಾಟಲಿ ಹಿಡಿದು ಮನೆಮನೆ ಸುತ್ತುತ್ತಾ ಬಂದ. ಕುಡಿದರೆ ಸಕ್ಕರೆ ಕಾಯಿಲೆ ಬುಡಸಮೇತ ಹೋಗುತ್ತದಂತೆ. ಆ ಕಾಯಿಲೆಯಿದ್ದ ಕೃಷ್ಣಪ್ಪ ನಂಬಿ ಮಾತ್ರೆ ಬಿಟ್ಟ, ಬಾಟಲಿಯನ್ನು ದೇವರ ಪಟದ ಪಕ್ಕ ಇಟ್ಟ. ಅವನ ಕಾಲಿನ ಹೆಬ್ಬೆರಳಿಗೆ ಆಗಿದ್ದ ಗಾಯ ಮಾಯದೆ ಕಪ್ಪಾಗತೊಡಗಿತು.

ನಿಂಗಮ್ಮ ಅವನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದಳು.

"ಹಣ್ಣು ಒಳ್ಳೇದೇ," ಎಂದರು ಡಾಕ್ಟರಮ್ಮ. "ಕಿತ್ತಳೆಗಿಂತ ಹೆಚ್ಚು ಸಿ ವಿಟಮಿನ್ ಇದೆ, ಒಳ್ಳೆ ಎಣ್ಣೆಯಂಶ ಇದೆ. ಆದ್ರೆ ಅದು ಮಾತ್ರೆ ಕೆಲಸ ಮಾಡಲ್ಲ. ಹೀಗೇ ಬಿಟ್ರೆ ಬೆರಳು ತೆಗೀಬೇಕಾಗುತ್ತೆ."

ಮನೆಗೆ ಬಂದ ಮೇಲೂ ಕೃಷ್ಣಪ್ಪ ಜಗ್ಗಲಿಲ್ಲ. "ಆ ಚಳೀಲಿ ನಮ್ಮನ್ನ ಕಾಪಾಡಿದ್ದೇ ಆ ಹಣ್ಣು ಕಣೇ. ಅವ್ರಿಗೇನು ಗೊತ್ತು?"

ನಿಂಗಮ್ಮ ಬಾಟಲಿಯನ್ನು ದೇವರ ಪಕ್ಕದಿಂದ ಎತ್ತಿ, ಹುಣಸೆಹಣ್ಣಿನ ಬದಲು ಅದರ ರಸವನ್ನೇ ಒಂದಿಷ್ಟು ಬೇಳೆಸಾರಿಗೆ ಸುರಿದಳು. "ಹಣ್ಣು ತಾನೇ? ಅಡುಗೆಮನೇಲಿರ್ಲಿ."

ಕೃಷ್ಣಪ್ಪ ಕೂಗಾಡಿದ. ಆಮೇಲೆ ಅದೇ ಸಾರಿನಲ್ಲಿ ಮುದ್ದೆ ನುಂಗಿದ. ಮಾತ್ರೆ ಮಾತ್ರ ಮುಟ್ಟಲಿಲ್ಲ. ಅವನ ಮೊಂಡುತನ ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಮುಂದಿನ ಭಾನುವಾರ ಪ್ರವೀಣ್ ಬೀದಿಯ ಐದಾರು ಜನರನ್ನು ಕರೆತಂದ. ಮಿಲಿಟರಿಯವರೇ ಮಾತ್ರೆ ಬಿಟ್ಟು ಈ ರಸ ಕುಡಿಯುತ್ತಿದ್ದಾರೆ ಎಂದು ತೋರಿಸಿ ಬಾಟಲಿ ಮಾರುವುದು ಅವನ ಲೆಕ್ಕಾಚಾರ. ನಾನೂ ಹೋಗಿದ್ದೆ. ನಿಂಗಮ್ಮ ಎಲ್ಲರನ್ನೂ ಗಂಡನ ಸಾಲಿನಲ್ಲೇ ಊಟಕ್ಕೆ ಕೂರಿಸಿದಳು.

"ಸಾರು ಚೆನ್ನಾಗಿದೆ ಅಮ್ಮ. ಏನು ಹಾಕಿದ್ದೀರಾ?" ಎಂದ ಪ್ರವೀಣ್.

"ನಿನ್ನ ಔಷಧಿ ಕಣಪ್ಪ."

ನಿಂಗಮ್ಮ ಗಂಡನ ಕಾಲಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದಳು. ಗಾಯ ಕಂಡು ಎಲ್ಲರೂ ಊಟ ನಿಲ್ಲಿಸಿದರು.

"ಇನ್ನೆರಡು ಬಾಟ್ಲಿ ಕುಡಿದ್ರೆ..." ಎಂದು ಪ್ರವೀಣ್ ತೊದಲಿದ.

"ಬೆರಳು ನಿಂದಾಗಿದ್ರೆ ಕಾಯ್ತಿದ್ದೆಯಾ? ಒಳ್ಳೆ ಹಣ್ಣು, ಹಣ್ಣು ಅಂತ್ಲೇ ಮಾರು. ಸುಳ್ಳು ಹೇಳ್ಕೊಂಡು ಈ ಬೀದಿಗೆ ಬಂದ್ರೆ ನಾನಿದೀನಿ."

ಮಾತ್ರೆಯನ್ನೂ ನೀರನ್ನೂ ಗಂಡನ ಮುಂದಿಟ್ಟಳು. "ನೀವು ಆ ಚಳೀಲಿದ್ದಾಗ ನಿಮ್ಮ ಕಾಲು ಹಿಮಕ್ಕೆ ಕೊಳೀದೆ ನೆಟ್ಟಗೆ ವಾಪಸ್ ಬರ್ಲಿ ಅಂತ ಕಾದೋಳು ನಾನು. ಆ ಕಾಲನ್ನ ಇವನ ಬಾಟ್ಲಿಗೆ ಬಿಟ್ಕೊಡಲ್ಲ."

ಕೃಷ್ಣಪ್ಪ ಪ್ರವೀಣನ ಮುಖ ನೋಡಿದ, ತನ್ನ ಬೆರಳನ್ನು ನೋಡಿದ. ಮಾತ್ರೆ ನುಂಗಿ, ತಟ್ಟೆಯನ್ನು ಹೆಂಡತಿಯ ಕಡೆ ಸರಿಸಿದ.

"ಇನ್ನೊಂದು ಸೌಟು ಸಾರು ಹಾಕು."